ಬೆನ್ನಿಳಿಯುವ ಬೇತಾಳ

ಸಾಲದ ಕಂತು, ಅಜ್ಜನ ಕಾಲದ ಮೊಕದ್ದಮೆ, ಮಳೆಗಾಲದ ಮೊಣಕಾಲು ನೋವು. ಯಾವುದನ್ನು ಕೇಳಿದರೂ ನಮ್ಮಲ್ಲಿ ಒಂದೇ ಮಾತು: ಬೆನ್ನು ಬಿಡದ ಬೇತಾಳ.

ಕಥೆ ಓದಿದವರಿಗೆ ಇದು ತಲೆಕೆಳಗಾದ ಮಾತು. ಬೇತಾಳ ಯಾರ ಬೆನ್ನನ್ನೂ ಹತ್ತಿ ಬಂದದ್ದಲ್ಲ. ಸ್ಮಶಾನದ ಮರದಲ್ಲಿ ತನ್ನ ಪಾಡಿಗೆ ನೇತಾಡುತ್ತಿದ್ದುದನ್ನು ಸನ್ಯಾಸಿಯೊಬ್ಬನ ಮಾತಿಗೆ ಇಳಿಸಿ ಹೆಗಲಿಗೇರಿಸಿಕೊಂಡವನು ರಾಜ. ಸಂದು ಸಿಕ್ಕಾಗಲೆಲ್ಲ ಅದು ಜಾರಿ ಮರ ಸೇರುತ್ತದೆ, ಇವನೇ ಮತ್ತೆ ಮತ್ತೆ ಹೋಗಿ ಹೊತ್ತು ತರುತ್ತಾನೆ. ಅವನ ಹಟವನ್ನು 'ಛಲ ಬಿಡದ ತ್ರಿವಿಕ್ರಮ' ಎಂದು ಹೊಗಳಿ, ಅದೇ ಗುಣವನ್ನು ಬೈಗುಳ ಮಾಡಿ ಬೇತಾಳಕ್ಕೆ ಅಂಟಿಸಿದೆವು. ತಮಿಳರು ಕಥೆಗೆ ಹೆಚ್ಚು ನಿಷ್ಠರು. ಹಳೆ ಚಾಳಿಗೆ ಮರಳಿದವನನ್ನು ಕಂಡರೆ ಅವರು ವೇದಾಳ ಮತ್ತೆ ನುಗ್ಗೆಮರ ಹತ್ತಿತು ಎನ್ನುತ್ತಾರೆ.

ಸಂಸ್ಕೃತದ ವೇತಾಲ ನಮ್ಮಲ್ಲಿ ಬೇತಾಳವಾಯಿತು, ವನ ಬನವಾದ ದಾರಿಯಲ್ಲೇ. ಕೆಲವರು ಹೊಟ್ಟೆ ಸೀಳಿ 'ಭೇತಾಳ' ಎಂದು ಬರೆಯುತ್ತಾರೆ. ಭೂತದ ನೆಂಟನೆಂಬ ಗುಮಾನಿ ಇರಬೇಕು. ನಮ್ಮ ಬಾಯಲ್ಲಿ ಅದು ನಪುಂಸಕ, 'ಬಂತು, ಹೋಯಿತು'. ಗಡಿ ದಾಟಿ ಗೋವೆಗೆ ಹೋದರೆ ಊರು ಕಾಯುವ ದೇವರು. ಅಲ್ಲಿ ಬೇತಾಳನಿಗೆ ಚರ್ಮದ ಚಪ್ಪಲಿ ಹರಕೆ. ರಾತ್ರಿಯೆಲ್ಲ ಗಸ್ತು ತಿರುಗುವವನಿಗೆ ಚಪ್ಪಲಿ ಸವೆಯದೆ ಇರುತ್ತದೆಯೇ?

ನನ್ನ ತಲೆಮಾರಿಗೆ ಬೇತಾಳವೆಂದರೆ ಚಂದಮಾಮ, ಅದರಲ್ಲೂ ಶಂಕರ್ ಬರೆದ ಚಿತ್ರ: ಕತ್ತಿ ಹಿರಿದ ರಾಜ, ಹೆಗಲ ಮೇಲೆ ಶವ. ಇಪ್ಪತ್ತೈದು ಹಳೆಯ ಕಥೆಗಳು ಮುಗಿದರೂ ಪತ್ರಿಕೆ ಹೊಸದನ್ನು ಹೊಸೆಯುತ್ತಲೇ ಇತ್ತು. ಹೊಸವು ಕೊಂಚ ಸಪ್ಪೆ. ಉತ್ತರ ಮೊದಲೇ ಗೊತ್ತಾಗಿಬಿಡುತ್ತಿತ್ತು.

ಹಳೆಯವು ಹಾಗಲ್ಲ. ಗಂಡನ ತಲೆ ಇನ್ನೊಬ್ಬನ ಮುಂಡಕ್ಕೆ ಸೇರಿಕೊಂಡರೆ ಹೆಂಡತಿಗೆ ಗಂಡ ಯಾರು? ಅಂಗಗಳಲ್ಲಿ ತಲೆಯೇ ಮೇಲು, ತಲೆ ಇದ್ದವನೇ ಗಂಡ ಎಂದು ರಾಜ ಥಟ್ಟನೆ ತೀರ್ಪು ಕೊಟ್ಟ. ಗಿರೀಶ ಕಾರ್ನಾಡರಿಗೆ ಅದು ಸಾಲಲಿಲ್ಲ, 1971ರ 'ಹಯವದನ'ದಲ್ಲಿ ಮುಂಡವನ್ನೂ ಮಾತಿಗೆಳೆದರು. ಬೇತಾಳದ ಜಾಣತನ ಇರುವುದು ಇಲ್ಲೇ. ಅದು ಬುದ್ಧಿ ಹೇಳುವುದಿಲ್ಲ, ಕೇಳುತ್ತದೆ. ಗೊತ್ತಿದ್ದೂ ಬಾಯಿ ಬಿಡದಿದ್ದರೆ ತಲೆ ಸಿಡಿದು ಹೋಳು. ಬಾಯಿ ಬಿಟ್ಟರೆ ಹೊತ್ತ ಹೆಣ ಮಾಯ.

ಇಪ್ಪತ್ತನಾಲ್ಕನೆಯದು ಬೇರೆ ಥರ. ಮಗ ತಾಯಿಯನ್ನೂ ತಂದೆ ಮಗಳನ್ನೂ ಮದುವೆಯಾದರು. ಅಪ್ಪ ಮಗನ ಜೋಡಿ ಒಂದು ಮನೆಯದು, ತಾಯಿ ಮಗಳ ಜೋಡಿ ಇನ್ನೊಂದು ಮನೆಯದು. ಅವರಿಗೆ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು? ಲೆಕ್ಕ ಹತ್ತದೆ ರಾಜ ಸುಮ್ಮನೆ ನಡೆದ. ಬೇತಾಳ ಮೆಚ್ಚಿತು. ಸನ್ಯಾಸಿ ನಿನ್ನನ್ನೇ ಬಲಿ ಕೊಡಲು ಕಾದಿದ್ದಾನೆ, ಅಡ್ಡಬೀಳು ಎಂದಾಗ 'ನಾನು ರಾಜ, ಅಭ್ಯಾಸವಿಲ್ಲ, ನೀನೇ ತೋರಿಸು' ಎನ್ನು, ಅವನು ಬಗ್ಗಿದಾಗ ಕತ್ತಿ ಬೀಸು ಎಂದು ಗುಟ್ಟು ಬಿಚ್ಚಿತು. ಇಪ್ಪತ್ಮೂರು ಸರಿಯುತ್ತರ ಕೊಡದ ಫಲವನ್ನು ಒಂದು 'ಗೊತ್ತಿಲ್ಲ' ಕೊಟ್ಟಿತು.

ಸನ್ಯಾಸಿ ಸತ್ತ ಮೇಲೆ ಬೇತಾಳ, ಏನು ಬೇಕೋ ಕೇಳು ಎಂದಿತು. ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವ 'ಕಥಾಸರಿತ್ಸಾಗರ'ದಲ್ಲಿ ಹೇಳುವಂತೆ, ರಾಜ ಬೇಡಿದ್ದು ಇಷ್ಟು: ಈ ಕಥೆಗಳು ಲೋಕದಲ್ಲಿ ಹೆಸರಾಗಲಿ.