ಊರಿನ ಹೆದ್ದಾರಿ

ಬೇಸಿಗೆ ರಜೆ ಬಂತೆಂದರೆ ಮುಂಬಯಿ-ಪುಣೆಗಳ ಕನ್ನಡಿಗರಾದ ನಾವು ಊರಿನ ದಾರಿ ಹಿಡಿಯುತ್ತೇವೆ. ಆ ದಾರಿಯ ಚರಿತ್ರೆಯನ್ನು ನೆನೆಯುವುದು ಮಾತ್ರ ಅಪರೂಪ.

ಬೋರಘಾಟಿನಲ್ಲಿ ಗಾಡಿಗಳು ಏರುವಂಥ ರಸ್ತೆ ತೆರೆದದ್ದು 1830ರಲ್ಲಿ, ಗವರ್ನರ್ ಸರ್ ಜಾನ್ ಮಾಲ್ಕಮ್‌ರ ಕಾಲದಲ್ಲಿ. 1943ರ ನಾಗಪುರ ಸಮ್ಮೇಳನದಲ್ಲಿ ಇಂಜಿನಿಯರುಗಳು ರಾಷ್ಟ್ರೀಯ ಹೆದ್ದಾರಿಯಿಂದ ಹಳ್ಳಿಯ ರಸ್ತೆಯವರೆಗೆ ದೇಶದ ರಸ್ತೆಗಳನ್ನು ವಿಂಗಡಿಸಿದರು. 1956ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯಿದೆ ಬಂದಿತು. ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿ, ಧಾರವಾಡ, ಚಿತ್ರದುರ್ಗಗಳ ಮೂಲಕ ಬೆಂಗಳೂರು ಮುಟ್ಟುವ ನಮ್ಮ ಹಾದಿಗೆ ನಾಲ್ಕನೆಯ ನಂಬರಿತ್ತು. 2010ರಲ್ಲಿ ಅದು 48 ಆಯಿತು. ಈ ನಡುವೆ, 2002ರಲ್ಲಿ, ಮುಂಬಯಿ-ಪುಣೆಗಳ ನಡುವೆ ಆರು ಪಥಗಳ ಎಕ್ಸ್‌ಪ್ರೆಸ್ ಹೆದ್ದಾರಿ ಪೂರ್ಣಗೊಂಡಿತು.

ರಸ್ತೆ ಅಗಲವಾಯಿತು, ವೇಗ ಹೆಚ್ಚಿತು. ಅದರ ಬೆಲೆಯೂ ದೊಡ್ಡದೇ. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಹತ್ತರಲ್ಲಿ ಏಳು ಸಾವಿಗೆ ಅತಿವೇಗವೇ ಕಾರಣ. ಸೀಟ್ ಬೆಲ್ಟ್ ಧರಿಸದೆ ಸತ್ತವರು 16,715. ಅವರಲ್ಲಿ ಚಾಲಕರು 8,384, ಪ್ರಯಾಣಿಕರು 8,331. ಅಂದರೆ ಸುಮ್ಮನೆ ಕುಳಿತವರಿಗೂ ಅಪಾಯ ತಪ್ಪಿದ್ದಲ್ಲ.

ಕಾರು ಥಟ್ಟನೆ ನಿಂತರೂ ಒಳಗಿನ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಇದು ಶಾಲೆಯಲ್ಲಿ ನಾವೆಲ್ಲ ಓದಿದ ನ್ಯೂಟನ್ನನ ನಿಯಮ. ತೊಡೆಯ ಮೇಲಿನ ಮಗುವನ್ನು ಆಗ ತಾಯಿಯ ತೋಳೂ ತಡೆಯಲಾರದು. ಆದುದರಿಂದ ಹಿಂದಿನ ಸೀಟಿನವರೂ ಬೆಲ್ಟ್ ಕಟ್ಟಿಕೊಳ್ಳೋಣ. ನಿದ್ದೆ ಬಂದರೆ ಗಾಡಿ ನಿಲ್ಲಿಸೋಣ. ಊರಿನಲ್ಲಿ ನಮ್ಮ ದಾರಿ ಕಾಯುವವರಿದ್ದಾರೆ. ಒಂದು ಗಂಟೆ ತಡವಾದರೆ ಅನ್ನ ಆರೀತು, ಅಷ್ಟೇ.