ಬೇಟೆಯ ಕಾಲ, ರಜೆಯ ಕಾಲ: ನೀಲಗಿರಿಯ ವಸತಿಗೃಹಗಳ ಚರಿತ್ರೆ

ಶಾಲೆಯೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವರು ಕಟ್ಟಡ, ಮುಖ್ಯೋಪಾಧ್ಯಾಯರು, ಪರೀಕ್ಷೆಯ ಫಲಿತಾಂಶ ಇವುಗಳ ಜೊತೆಗೆ, ಆ ಶಾಲೆಗೆ ಮಕ್ಕಳನ್ನು ಕಳುಹಿಸಿದ ಮನೆಗಳಿಗೆ ಅನ್ನ ಎಲ್ಲಿಂದ ಬಂತೆಂಬುದನ್ನೂ ಹೇಳಬೇಕಾಗುತ್ತದೆ. ನೀಲಗಿರಿಯ ನಮ್ಮ ಸೀಮೆಯಲ್ಲಿ ಆ ಅನ್ನಕ್ಕೆ ಹಲವು ಮೂಲಗಳಿದ್ದವು. ಆಲೂಗೆಡ್ಡೆಯ ಹೊಲ, ಚಹಾ ತೋಟ, ದನ ಎಮ್ಮೆಗಳ ಸಾಕಣೆ, ಅರಣ್ಯ ಇಲಾಖೆಯ ಕೂಲಿ ಇವು ಎಲ್ಲರೂ ಬಲ್ಲ ಮೂಲಗಳು. ಇವುಗಳಷ್ಟು ಎದ್ದು ಕಾಣದ ಇನ್ನೊಂದು ಮೂಲವೆಂದರೆ ಹೊರಗಿನಿಂದ ಬರುವವರಿಗೆ ತಂಗಲು ಮನೆ, ಉಣ್ಣಲು ಊಟ, ಕಾಡಿನಲ್ಲಿ ದಾರಿ ತೋರಲು ಜನ ಒದಗಿಸುವ ಕಸುಬು. ಮೊದಲು ಬೇಟೆಗಾರರಿಗಾಗಿ, ಅನಂತರ ರಜೆಯ ಪ್ರವಾಸಿಗಳಿಗಾಗಿ ನಡೆದುಬಂದ ಈ ಕಸುಬಿನ ಚರಿತ್ರೆಯನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸಲು ನಾವು ಬಯಸುತ್ತೇವೆ.

ಈ ಬೆಟ್ಟಗಳಿಗೂ ಕನ್ನಡ ನಾಡಿಗೂ ಇರುವ ನಂಟು ಇಂಗ್ಲಿಷರ ಆಗಮನಕ್ಕಿಂತ ಬಹಳ ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ವಿಜಯವನ್ನು ಹೇಳುವ 1117ರ ಚಾಮರಾಜನಗರದ ಶಾಸನದಲ್ಲಿ ತೊದವರ ಉಲ್ಲೇಖವೂ ನೀಲಾದ್ರಿಯ ಉಲ್ಲೇಖವೂ ಬರುತ್ತವೆ. ಬಡಗು ದಿಕ್ಕಿನಿಂದ, ಎಂದರೆ ಮೈಸೂರು ಸೀಮೆಯಿಂದ, ಬೆಟ್ಟವೇರಿ ನೆಲೆಸಿದವರಿಗೆ ಬಡಗರೆಂಬ ಹೆಸರೇ ನಿಂತಿತು. ಅವರ ಊರುಗಳು ಹಟ್ಟಿಗಳು. ಅವರ ನುಡಿ ಕನ್ನಡದ ಒಡಹುಟ್ಟು. ಬೆಟ್ಟದ ಬಡಗಣ ಬುಡದಲ್ಲಿರುವ ಸೀಗೂರು ಪ್ರಸ್ಥಭೂಮಿಯ ಮಾವನಹಳ್ಳ, ಬೊಕ್ಕಾಪುರ, ಮಸಿನಗುಡಿ ಮೊದಲಾದ ಹೆಸರುಗಳು ಕನ್ನಡ ಬಲ್ಲವರ ಕಿವಿಗೆ ಅಪರಿಚಿತವೆನಿಸುವುದಿಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರ, ತೆಪ್ಪಕಾಡುಗಳ ಮೂಲಕ ಉದಕಮಂಡಲಕ್ಕೆ ಏರುವ ದಾರಿಯೇ ನಮ್ಮ ಎರಡು ನಾಡುಗಳನ್ನು ಹೊಲಿದಿಟ್ಟ ದಾರ.

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಈ ಬೆಟ್ಟಗಳು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿ, ಇಲ್ಲಿನ ತಂಪಿಗೆ ಮನಸೋತು, 1822ರಲ್ಲಿ ಉದಕಮಂಡಲದಲ್ಲಿ ತನ್ನ ಕಲ್ಲಿನ ಮನೆಯನ್ನು ಕಟ್ಟಿಸಲು ತೊಡಗಿದನು. ಸ್ಥಳೀಯರು ಅದನ್ನು ಕಲ್ ಬಂಗಲೆ ಎಂದು ಕರೆದರು. ಬಯಲಿನ ಬೇಗೆಗೂ ಜ್ವರಕ್ಕೂ ಅಂಜಿದ ದಂಡಾಳುಗಳು, ಅಧಿಕಾರಿಗಳು, ಅವರ ಮಡದಿ ಮಕ್ಕಳು ಬರತೊಡಗಿದ ಮೇಲೆ ತಂಗುಮನೆಗಳ ಅಗತ್ಯ ಬಿತ್ತು. 1830ರ ದಶಕದ ಆರಂಭದಲ್ಲಿ ಸರ್ ವಿಲಿಯಂ ರಂಬೋಲ್ಡ್ ಕಟ್ಟಿಸಿದ ಭವ್ಯ ಕಟ್ಟಡದಲ್ಲಿ 1834ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ತಂಗಿದ್ದನು. ಮುಂದೆ ಆ ಕಟ್ಟಡವೇ ಊಟಿ ಕ್ಲಬ್ ಆಯಿತು. ಹೀಗೆ ನೀಲಗಿರಿಯ ವಸತಿಗೃಹಗಳ ಚರಿತ್ರೆಗೆ ಸುಮಾರು ಎರಡು ಶತಮಾನಗಳ ವಯಸ್ಸು.

ಬಂದವರಿಗೆ ತಂಪಿನಷ್ಟೇ ಪ್ರಿಯವಾದದ್ದು ಬೇಟೆ. ಬೆಟ್ಟದ ಮೇಲಿನ ಹುಲ್ಲುಗಾವಲುಗಳಲ್ಲಿ ಇಂಗ್ಲೆಂಡಿನ ನರಿಬೇಟೆಯ ಅನುಕರಣೆಯಾಗಿ, ಕುದುರೆಯೇರಿ, ನಾಯಿಗಳ ಹಿಂಡಿನೊಡನೆ ಗುಳ್ಳೆನರಿಯನ್ನು ಅಟ್ಟುವ ‘ಊಟಿ ಹಂಟ್’ ನಡೆಯುತ್ತಿತ್ತು. ಶೋಲಾ ಕಾಡುಗಳಲ್ಲಿ ಕಡವೆ, ಕಡಿದಾದ ಬಂಡೆಗಳ ಮೇಲೆ ನೀಲಗಿರಿ ವರೆಯಾಡು, ಕೆಳಗಿನ ಸೀಗೂರಿನಲ್ಲಿ ಜಿಂಕೆ, ಕಾಟಿ, ಹುಲಿ ಇವು ಬಂದೂಕಿಗೆ ಗುರಿಯಾದವು. ಶರತ್ಕಾಲ ಮುಗಿಯುತ್ತ ಬಂದು ಚಳಿ ಮೊಳೆಯುವ ದಿನಗಳಿಗೆ ಒಂದು ವಿಶೇಷವಿತ್ತು. ಹಿಮಾಲಯದಿಂದ ಇಳಿದುಬರುವ ಉದ್ದ ಕೊಕ್ಕಿನ ವುಡ್‌ಕಾಕ್ ಹಕ್ಕಿ ಆಗ ಶೋಲಾಗಳ ಒದ್ದೆ ನೆಲದಲ್ಲಿ ಹುಳು ಹುಡುಕುತ್ತ ಕಾಣಿಸಿಕೊಳ್ಳುತ್ತಿತ್ತು. ಆ ವರ್ಷದ ಮೊದಲ ವುಡ್‌ಕಾಕ್ ಯಾರ ಗುಂಡಿಗೆ ಬಿತ್ತೆಂಬುದು ಬೇಟೆಗಾರರ ವಲಯದಲ್ಲಿ ದೊಡ್ಡ ಮಾತಾಗಿತ್ತು. ತೋಟಗಾರನೂ ಬೇಟೆಗಾರನೂ ಆಗಿದ್ದ ಫ್ಲೆಚರ್ 1911ರಲ್ಲಿ ನೀಲಗಿರಿ ಮತ್ತು ವಯನಾಡಿನ ಬೇಟೆಯನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು.

ಇಂತಹ ಗ್ರಂಥಗಳಲ್ಲಿ ದೊರೆಗಳ ಹೆಸರುಗಳಿವೆ, ಕೊಂಬುಗಳ ಅಳತೆಗಳಿವೆ. ಆದರೆ ಒಬ್ಬ ದೊರೆ ನಾಲ್ಕು ದಿನ ಕಾಡಿನಲ್ಲಿ ಕಳೆಯಬೇಕಾದರೆ ಎಷ್ಟು ಕೈಗಳು ದುಡಿಯಬೇಕಾಗಿತ್ತೆಂಬುದನ್ನು ನಾವು ಯೋಚಿಸಿ ನೋಡಬೇಕು. ಹೆಜ್ಜೆ ಗುರುತು ಹಿಡಿದು ಪ್ರಾಣಿಯಿರುವ ಜಾಗ ಹೇಳುವವರು ಕುರುಂಬರು, ಇರುಳರು. ಪೊದೆ ಬಡಿದು ಕಾಡು ಸೋವುವವರು ಹಳ್ಳಿಯ ಕೂಲಿಯಾಳುಗಳು. ಡೇರೆ, ಪೆಟ್ಟಿಗೆ, ಪಾತ್ರೆಗಳನ್ನು ಹೊರುವವರು ಬೇರೆ. ಸೌದೆ ನೀರು ತರುವವರು ಬೇರೆ. ಬಂಗಲೆಯಲ್ಲಿ ಅಡುಗೆ ಮಾಡುವ ಬಟ್ಲರ್ ಮತ್ತು ರಾತ್ರಿ ಲಾಂದ್ರ ಹಿಡಿದು ಕಾಯುವ ಕಾವಲುಗಾರ ಬೇರೆ. ಎಮ್ಮೆಗಳನ್ನೇ ದೈವವೆಂದು ಬಗೆದ, ಮಾಂಸ ಮುಟ್ಟದ ತೊದವರು ಬೇಟೆಯಾಡುವವರಲ್ಲದಿದ್ದರೂ ಅವರ ಹುಲ್ಲುಗಾವಲುಗಳೇ ದೊರೆಗಳ ಬೇಟೆಯ ಬಯಲುಗಳಾದವು. ಕಾಡಿನ ಜ್ಞಾನವೆಲ್ಲ ಇಲ್ಲಿಯವರದು, ಕೀರ್ತಿ ಮಾತ್ರ ಬಂದೂಕು ಹಿಡಿದವನದು ಎಂಬಂತೆ ಆ ಕಾಲ ಕಳೆಯಿತು.

ಅರ್ಧ ಶತಮಾನದ ಬೇಟೆಯ ಫಲವಾಗಿ ವರೆಯಾಡು ಮತ್ತು ಕಡವೆಗಳ ಸಂಖ್ಯೆ ಕುಗ್ಗಿತು. ಬೇಟೆಗಾರರೇ ಕಳವಳಗೊಂಡು 1877ರಲ್ಲಿ ನೀಲಗಿರಿ ಬೇಟೆ ಸಂಘವನ್ನು ಸ್ಥಾಪಿಸಿದರು. 1879ರಲ್ಲಿ ಮದ್ರಾಸ್ ಸರ್ಕಾರ ನೀಲಗಿರಿಯ ಬೇಟೆ ಪ್ರಾಣಿಗಳು ಮತ್ತು ಮೀನುಗಳ ರಕ್ಷಣೆಗೆ ಪ್ರತ್ಯೇಕ ಕಾಯಿದೆಯೊಂದನ್ನು ತಂದಿತು. ವರ್ಷದ ಕೆಲವು ತಿಂಗಳುಗಳನ್ನು ಬೇಟೆಗೆ ನಿಷಿದ್ಧವೆಂದು ಗೊತ್ತುಪಡಿಸುವ ಅಧಿಕಾರ ಇದರಿಂದ ಸರ್ಕಾರಕ್ಕೆ ದೊರೆಯಿತು. ಮುಂದೆ ಪರವಾನಗಿ ಪದ್ಧತಿಯೂ ಬಂದಿತು. ‘ಬೇಟೆಯ ಕಾಲ’ ಎಂಬುದು ಹೀಗೆ ಕಾನೂನಿನ ಮಾತಾಯಿತು. ಬಂಗಲೆ ನಡೆಸುವವನ ವರ್ಷವೂ ಆ ಪಂಚಾಂಗಕ್ಕೆ ಹೊಂದಿಕೊಂಡಿತು: ಅನುಮತಿಯ ತಿಂಗಳುಗಳಲ್ಲಿ ಗಳಿಕೆ, ಉಳಿದ ತಿಂಗಳುಗಳಲ್ಲಿ ಕಾಯುವಿಕೆ.

ಈ ಕಾಯಿದೆಯ ಇನ್ನೊಂದು ಮುಖವನ್ನೂ ಮರೆಯಲಾಗದು. ಪರವಾನಗಿಗೆ ಹಣ ತೆರಬಲ್ಲವನ ಬಂದೂಕು ಕ್ರೀಡೆಯ ಸಾಧನವೆನಿಸಿತು. ಹೊಟ್ಟೆಗಾಗಿಯೋ ಬೆಳೆಯ ಕಾವಲಿಗಾಗಿಯೋ ಬುಡಕಟ್ಟಿನವನು ಒಡ್ಡಿದ ಉರುಳು, ಹರಡಿದ ಬಲೆ ಅಪರಾಧವೆನಿಸಿತು. ಪ್ರಾಣಿಗಳು ಉಳಿದದ್ದು ನಿಜ; ಆ ಉಳಿವಿನ ಭಾರ ಯಾರ ಹೆಗಲ ಮೇಲೆ ಹೆಚ್ಚಾಗಿ ಬಿತ್ತೆಂಬುದೂ ಅಷ್ಟೇ ನಿಜ.

ಇಷ್ಟರಲ್ಲಿ ಬೆಟ್ಟದ ಮೇಲೆ ಇನ್ನೊಂದು ಬಗೆಯ ಪಂಚಾಂಗ ಬೇರೂರುತ್ತಿತ್ತು. 1870ರ ಸುಮಾರಿನಿಂದ ಉದಕಮಂಡಲ ಮದ್ರಾಸ್ ಸರ್ಕಾರದ ಬೇಸಿಗೆಯ ರಾಜಧಾನಿಯಾಯಿತು. ಮೈಸೂರಿನ ಒಡೆಯರಿಗೂ ಫರ್ನ್‌ಹಿಲ್‌ನಲ್ಲಿ ಬೇಸಿಗೆಯ ಅರಮನೆಯಿತ್ತು. ಮೇಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಉದಕಮಂಡಲಕ್ಕೆ 1908ರಲ್ಲಿ ರೈಲು ಬಂದಿತು. ಹಲ್ಲುಕಂಬಿ ಹಿಡಿದು ಬೆಟ್ಟವೇರುವ ಆ ರೈಲು, ವಾರಗಟ್ಟಲೆ ತಂಗುವ ದೊರೆಗಳ ಜೊತೆಗೆ, ಎರಡು ಮೂರು ದಿನಗಳ ರಜೆಗೆ ಬರುವ ಗುಮಾಸ್ತರನ್ನೂ ವಕೀಲರನ್ನೂ ಉಪಾಧ್ಯಾಯರನ್ನೂ ಮೇಲಕ್ಕೆ ತಂದಿತು. ಏಪ್ರಿಲ್‌ನಿಂದ ಜೂನ್‌ವರೆಗಿನದು ಮೊದಲ ಸೀಸನ್. ಮುಂಗಾರು ತಗ್ಗಿದ ಮೇಲೆ ಸೆಪ್ಟೆಂಬರಿನಿಂದ ಆರಂಭವಾಗುವುದು ಎರಡನೆಯ ಸೀಸನ್. ‘ಸೀಸನ್’ ಎಂಬ ಈ ಮಾತು ನಮ್ಮ ಹಳ್ಳಿಯ ಅಜ್ಜಿಯರ ಬಾಯಲ್ಲೂ ನೆಲೆಯೂರಿರುವುದನ್ನು ಓದುಗರು ಬಲ್ಲರು.

ಎರಡನೆಯ ಸೀಸನ್ನಿಗೆ ಮೈಸೂರು ಸೀಮೆಯೊಡನೆ ಹೆಚ್ಚಿನ ಸಂಬಂಧ. ದಸರಾ ರಜೆ ಬಂತೆಂದರೆ ಮೈಸೂರಿನ ಮೆರವಣಿಗೆ ಮುಗಿಸಿದ ಕುಟುಂಬಗಳು ಬಂಡೀಪುರದ ದಾರಿ ಹಿಡಿದು ಇತ್ತ ಬರುತ್ತವೆ. ಹಿಂದೆಯೇ ದೀಪಾವಳಿ, ಕೊನೆಗೆ ಕ್ರಿಸ್‌ಮಸ್ ರಜೆ. ಆ ಹೊತ್ತಿಗೆ ಸೀಗೂರಿನ ಹುಲ್ಲು ಇನ್ನೂ ಹಸಿರಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಬೆಳಗಿನ ಮಂಜು ಇಳಿಯುವ ಮುನ್ನ ಜಿಂಕೆಗಳ ಹಿಂಡು ರಸ್ತೆಯಂಚಿಗೆ ಬರುತ್ತದೆ. ಫೆಬ್ರವರಿ ಕಳೆದರೆ ಕಾಡು ಒಣಗಿ ಬೆಂಕಿಯ ಭಯ ಶುರುವಾಗುತ್ತದೆ. ನಾಲ್ಕೈದು ಕೋಣೆಗಳ ವಸತಿಗೃಹ ನಡೆಸುವ ಹಳ್ಳಿಯವನಿಗೆ ದಸರಾದಿಂದ ಹೊಸ ವರ್ಷದವರೆಗಿನ ಈ ಹತ್ತು ಹನ್ನೆರಡು ವಾರಗಳೇ ಸುಗ್ಗಿ. ಮಕ್ಕಳ ಶಾಲೆಯ ಖರ್ಚು, ಹೆಂಚು ಬದಲಿಸುವ ಖರ್ಚು, ಮುಂದಿನ ಮಳೆಗಾಲದ ದಿನಸಿ ಎಲ್ಲಕ್ಕೂ ಅವನು ಈ ದಿನಗಳನ್ನೇ ನೆಚ್ಚಿರುತ್ತಾನೆ.

ಬೇಟೆಯ ಕಾಲ ರಜೆಯ ಕಾಲವಾಗಿ ಬದಲಾದದ್ದು ಒಂದೇ ದಿನದಲ್ಲಿ ಅಲ್ಲ. 1940ರಲ್ಲಿ ಮುದುಮಲೆ ಅಭಯಾರಣ್ಯವಾಯಿತು. ಮರುವರ್ಷ ಗಡಿಯಾಚೆ ಬಂಡೀಪುರದಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಸ್ಥಾಪನೆಯಾಯಿತು. ಆದರೂ ಅಭಯಾರಣ್ಯದ ಹೊರಗೆ ಪರವಾನಗಿಯ ಬೇಟೆ ಮುಂದುವರಿಯಿತು. ಬೆಂಗಳೂರಿನ ಕೆನೆತ್ ಆಂಡರ್‌ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಸೀಗೂರಿನ ನರಭಕ್ಷಕ ಹುಲಿಯ ಕಥೆಯಿದೆ. ಸ್ವಾತಂತ್ರ್ಯಾನಂತರ ಜೀಪು, ಟಾರ್ಚುಗಳ ನೆರವಿನ ಇರುಳು ಬೇಟೆ ದೇಶದ ಹಲವೆಡೆ ಕಾಡುಗಳನ್ನು ಬರಿದುಮಾಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ ಇವು ಕ್ರೀಡೆಯ ಬೇಟೆಗೆ ಪೂರ್ಣವಿರಾಮ ಹಾಕಿದವು. ಹಳೆಯ ಬೇಟೆ ಸಂಘವೂ ತನ್ನ ಹೆಸರಿನಲ್ಲಿದ್ದ ಬೇಟೆಯನ್ನು ಕೈಬಿಟ್ಟು ವನ್ಯಜೀವಿ ಸಂಘವಾಯಿತು. ವಕೀಲರಾಗಿದ್ದ ಇ. ಆರ್. ಸಿ. ದಾವೀದಾರ್ ಅವರಂತಹವರು ವರೆಯಾಡುಗಳನ್ನು ಎಣಿಸುವ, ಆನೆಗಳ ದಾರಿಗಳನ್ನು ಗುರುತಿಸುವ ಕೆಲಸಕ್ಕೆ ತೊಡಗಿದರು.

ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂದಾಗ, ಇನ್ನು ಕಾಡಿಗೂ ವಸತಿಗೃಹಕ್ಕೂ ಜಗಳವಿಲ್ಲವೆಂದು ಹಲವರು ಭಾವಿಸಿದರು. ಹಾಗಾಗಲಿಲ್ಲ. ಸೀಗೂರು ಪ್ರಸ್ಥಭೂಮಿಯ ತೆಂಕಣಕ್ಕೆ ನೀಲಗಿರಿಯ ಕಡಿದಾದ ಗೋಡೆ, ಬಡಗಣಕ್ಕೆ ಮೋಯಾರಿನ ಆಳವಾದ ಕಮರಿ. ಮುದುಮಲೆ, ಬಂಡೀಪುರಗಳ ಆನೆಗಳು ಮೂಡಣದ ಸತ್ಯಮಂಗಲದ ಕಾಡುಗಳಿಗೆ ಹೋಗಿಬರಲು ಈ ಎರಡರ ನಡುವಿನ ಕಿರುದಾರಿಗಳನ್ನೇ ಹಿಡಿಯಬೇಕು. ಕಾಡಂಚಿನಲ್ಲಿ ತಂಗುವ ಪ್ರವಾಸಿಗಳು ಹೆಚ್ಚಿದಂತೆ ಆ ದಾರಿಗಳ ಮೇಲೆಯೇ ಕಟ್ಟಡಗಳು ಎದ್ದವು, ವಿದ್ಯುತ್ ಬೇಲಿಗಳು ಬಂದವು. 2010ರಲ್ಲಿ ತಮಿಳುನಾಡು ಸರ್ಕಾರ ಇಲ್ಲಿ ಆನೆ ಕಾರಿಡಾರ್ ಘೋಷಿಸಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಹಲವು ರೆಸಾರ್ಟುಗಳಿಗೆ ಬೀಗ ಬಿದ್ದಿತು. 2020ರ ಅಕ್ಟೋಬರ್ 14ರಂದು, ಎಂದರೆ ದಸರಾ ಸೀಸನ್ನಿನ ಹೊಸ್ತಿಲಲ್ಲೇ, ಸುಪ್ರೀಂ ಕೋರ್ಟ್ ಕಾರಿಡಾರನ್ನು ಮಾನ್ಯಮಾಡಿ, ಭೂಮಾಲೀಕರ ಅಹವಾಲು ಕೇಳಲು ಸಮಿತಿಯೊಂದನ್ನು ನೇಮಿಸಿತು. ಕೆಲವೇ ತಿಂಗಳಲ್ಲಿ, 2021ರ ಜನವರಿಯಲ್ಲಿ, ಮಸಿನಗುಡಿಯ ತಂಗುಮನೆಯೊಂದರ ಬಳಿ ಬಂದ ಆನೆಯ ಮೇಲೆ ಉರಿಯುವ ವಸ್ತುವನ್ನೆಸೆದ ದೃಶ್ಯವನ್ನು ದೇಶವೇ ಕಂಡಿತು. ಸುಟ್ಟ ಗಾಯಗಳಿಂದ ಆ ಆನೆ ಸತ್ತಿತು. ಪರವಾನಗಿ ಪಡೆದು ಕೊಂದ ದೊರೆಗಳ ಕಾಲವನ್ನು ಕ್ರೂರವೆನ್ನುವ ನಾವು ನಮ್ಮ ಕಾಲದ ಈ ಕೃತ್ಯಕ್ಕೆ ತಲೆತಗ್ಗಿಸಬೇಕಾಯಿತು.

ಆದರೆ ಬೀಗ ಬಿದ್ದ ಬಾಗಿಲುಗಳ ಹಿಂದೆ ಎಲ್ಲರೂ ಸಿರಿವಂತರಾಗಿರಲಿಲ್ಲವೆಂಬುದನ್ನೂ ಹೇಳಬೇಕು. ದೂರದ ನಗರದ ಬಂಡವಾಳಗಾರನಿಗೆ ಒಂದು ರೆಸಾರ್ಟ್ ಹೋದರೆ ಇನ್ನೊಂದು ಕಡೆ ಇನ್ನೊಂದು. ಅಲ್ಲಿ ಅಡುಗೆ ಮಾಡುತ್ತಿದ್ದವಳಿಗೆ, ಹಾಸಿಗೆ ಹಾಸುತ್ತಿದ್ದವನಿಗೆ, ಜೀಪು ಓಡಿಸುತ್ತಿದ್ದವನಿಗೆ, ತನ್ನ ಮನೆಯ ಪಕ್ಕ ಎರಡು ಕೋಣೆ ಕಟ್ಟಿ ಸಾಲ ತೀರಿಸುತ್ತಿದ್ದ ಸಣ್ಣ ಮಾಲೀಕನಿಗೆ ಹೋದದ್ದು ಇಡೀ ವರ್ಷದ ಸುಗ್ಗಿ. ನಮ್ಮಂತಹ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವವರು ಹೆಚ್ಚಾಗಿ ಇಂತಹ ಮನೆಗಳವರು. ಕೆಲಸ ಹುಡುಕಿ ಕುಟುಂಬವೊಂದು ಮೈಸೂರಿಗೋ ಕೊಯಮತ್ತೂರಿಗೋ ತೆರಳಿದರೆ ತರಗತಿಯಲ್ಲಿ ಒಂದು ಹೆಸರು ಕಡಿಮೆಯಾಗುತ್ತದೆ. ಗಡಿನಾಡಿನ ಕನ್ನಡ ಶಾಲೆಗೆ ಒಂದೊಂದು ಹೆಸರೂ ಅದರ ಆಯುಸ್ಸಿನ ಲೆಕ್ಕ.

ಹಾಗಾದರೆ ಕಾಡು ಮುಖ್ಯವೋ ಕಸುಬು ಮುಖ್ಯವೋ ಎಂದು ಕೇಳುವವರಿದ್ದಾರೆ. ಚರಿತ್ರೆಯನ್ನು ನೋಡಿದರೆ ಆ ಪ್ರಶ್ನೆಯೇ ಸರಿಯಲ್ಲವೆಂದು ನಮಗೆ ತೋರುತ್ತದೆ. 1870ರ ದಶಕದಲ್ಲಿ ಪ್ರಾಣಿಗಳು ಕಡಿಮೆಯಾದಾಗ ಬೇಟೆಗಾರರೇ ನಿಯಮ ಬೇಡಿದರು, ಏಕೆಂದರೆ ಪ್ರಾಣಿಯಿಲ್ಲದೆ ಬೇಟೆಯ ಕಾಲವಿಲ್ಲ. ಆನೆಯಿಲ್ಲದ ಸೀಗೂರಿಗೆ ದಸರಾ ರಜೆಯಲ್ಲಿ ಯಾರೂ ಬರಲಾರರು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಂತಾಗ ವಸತಿಗೃಹದವರು ಕಂಗಾಲಾದರು. ಇಂದು ಅತಿಥಿಗಳು ಕತ್ತಲಾಗುವ ಮುನ್ನವೇ ಬಂದು ಸೇರುವ ವಾಡಿಕೆ ಬೆಳೆದಿದೆ. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕಾಗಿದೆ. ಅದಕ್ಕೂ ಜನ ಒಗ್ಗಿಕೊಳ್ಳುತ್ತಿದ್ದಾರೆ. ನಿಯಮಕ್ಕೆ ಕಸುಬು ಹೊಂದಿಕೊಳ್ಳಬಲ್ಲುದು. ಆದರೆ 1879ರಲ್ಲಿ ಆದಂತೆ ನಿಯಮದ ಭಾರವೆಲ್ಲ ಬಡವನ ಹೆಗಲಿಗೇ ಬೀಳದಂತೆ ನೋಡಿಕೊಳ್ಳುವ ಹೊಣೆ ನಿಯಮ ಮಾಡುವವರದು. ಸಮಿತಿಯ ಮುಂದೆ ಹೋಗುವ ಅರ್ಜಿಯನ್ನು ಓದಿ ಅರ್ಥಮಾಡಿಕೊಳ್ಳಬಲ್ಲ, ತಮ್ಮ ಊರಿನ ಆನೆದಾರಿಗಳನ್ನು ನಕ್ಷೆಯಲ್ಲಿ ಗುರುತಿಸಬಲ್ಲ ಮಕ್ಕಳನ್ನು ಬೆಳೆಸುವ ಹೊಣೆ ನಮ್ಮದು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಗಳಲ್ಲಿ ಬಂಗಲೆಯ ಬಟ್ಲರರಾಗಿ, ಕಾವಲುಗಾರರಾಗಿ, ಬೇಟೆಗೆ ದಾರಿ ತೋರಿದವರಾಗಿ, ವಸತಿಗೃಹ ನಡೆಸಿದವರಾಗಿ ದುಡಿದ ಹಿರಿಯರಿದ್ದರೆ ಅವರ ಮಾತುಗಳನ್ನು ಬರೆದಿಟ್ಟುಕೊಳ್ಳಿ. ಹಳೆಯ ಲೆಕ್ಕದ ಪುಸ್ತಕ, ಪರವಾನಗಿ ಚೀಟಿ, ಭಾವಚಿತ್ರಗಳು ದೊರೆತರೆ ಶಾಲೆಯ ಗ್ರಂಥಾಲಯಕ್ಕೆ ಅವುಗಳ ಪ್ರತಿಯನ್ನು ಕೊಡಿ. ದೊರೆಗಳು ತಮ್ಮ ಬೇಟೆಯ ಚರಿತ್ರೆಯನ್ನು ತಾವೇ ಬರೆದುಕೊಂಡರು. ಅವರಿಗೆ ಅಡುಗೆ ಮಾಡಿ ಬಡಿಸಿದವರ, ದೀಪ ಹಿಡಿದು ಕಾದವರ ಚರಿತ್ರೆ ಕನ್ನಡದಲ್ಲಿ ಬರೆಯಲ್ಪಡಬೇಕಾಗಿದೆ. ಬರುವ ದಸರಾ ರಜೆಯಲ್ಲಿ ಮಕ್ಕಳು ಆ ಕೆಲಸವನ್ನು ತಮ್ಮ ಅಜ್ಜ ಅಜ್ಜಿಯರಿಂದಲೇ ಆರಂಭಿಸಲಿ.