ಇನ್ಸುಲಿನ್: ಔಷಧ ಮೊದಲು, ಅರಿವು ಆಮೇಲೆ

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಸಾವಿನಂಚಿನಲ್ಲಿದ್ದ ಹುಡುಗನೊಬ್ಬನನ್ನು ಇನ್ಸುಲಿನ್ ಬದುಕಿಸಿತು. ಆ ದ್ರವದಲ್ಲಿದ್ದ ವಸ್ತುವಿನ ರಚನೆ ಏನು, ಜೀವಕೋಶದ ಮೇಲೆ ಅದು ಏನು ಮಾಡುತ್ತದೆ ಎಂಬುದು ಚುಚ್ಚಿದವರಿಗೂ ಗೊತ್ತಿರಲಿಲ್ಲ. ಮುಖ್ಯ ಉತ್ತರಗಳು ಸಿಗಲು ಮತ್ತೆ ಅರವತ್ತು ವರ್ಷ ಹಿಡಿಯಿತು. ಇಷ್ಟೆಲ್ಲ ಅರಿವು ಬಂದ ಮೇಲೂ ನಮ್ಮ ಮನೆಗಳಲ್ಲಿ ‘ಶುಗರ್’ ಕುರಿತ ಮಾತು ಹಳೆಯ ಜಾಗದಲ್ಲೇ ನಿಂತಿದೆ. ಸಿಹಿ ತಿಂದು ಬಂತು, ಸಿಹಿ ಬಿಟ್ಟರೆ ಹೋಗುತ್ತದೆ, ಇನ್ಸುಲಿನ್ ಶುರುವಾಯಿತೆಂದರೆ ಕಥೆ ಮುಗಿಯಿತು ಎಂದು ಜನ ಹೇಳುತ್ತಲೇ ಇರುತ್ತಾರೆ. ಈ ಮೂರನೆಯ ಮಾತು ನಮ್ಮಲ್ಲಿ ಎಷ್ಟೋ ಜನರ ಕಣ್ಣು, ಮೂತ್ರಪಿಂಡಗಳನ್ನು ಬಲಿ ತೆಗೆದುಕೊಂಡಿದೆ. ಇನ್ಸುಲಿನ್‌ನ ಬಗ್ಗೆ ವಿಜ್ಞಾನ ಹಂತಹಂತವಾಗಿ ಕಲಿತದ್ದೇನು ಎಂಬುದನ್ನು ತಿಳಿದರೆ ಆ ಭಯಕ್ಕೆ ಆಧಾರವೇ ಇಲ್ಲವೆಂದು ಕಾಣುತ್ತದೆ.

ಕಾಯಿಲೆಯ ಪರಿಚಯ ಹಳೆಯದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಚರಕ ಸಂಹಿತೆ ಪ್ರಮೇಹಿಗಳಲ್ಲಿ, ಅಂದರೆ ಇಂಥ ಮೂತ್ರರೋಗ ಇರುವವರಲ್ಲಿ, ಸ್ಥೂಲರು, ಕೃಶರು ಎಂದು ಎರಡು ಬಗೆ ಹೇಳಿ, ಇಬ್ಬರಿಗೂ ಬೇರೆಬೇರೆ ಚಿಕಿತ್ಸೆ ಬೇಕೆನ್ನುತ್ತದೆ. ಸುಶ್ರುತನದು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂಬ ವಿಂಗಡಣೆ. ಕಾರಣ ತಿಳಿಯದಿದ್ದ ಕಾಲದಲ್ಲಿ ಬರೀ ಕಣ್ಣಳತೆಯಿಂದ ಇಷ್ಟು ದೂರ ಹೋದದ್ದು ದೊಡ್ಡ ಮಾತು. 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್, ರೋಗಿಗಳ ಮೂತ್ರದಲ್ಲಷ್ಟೇ ಅಲ್ಲ, ರಕ್ತದಲ್ಲೂ ಸಕ್ಕರೆ ಇದೆಯೆಂದು ತೋರಿಸಿದ. ಹಾಗಾದರೆ ದೋಷ ಮೂತ್ರಪಿಂಡದ್ದಲ್ಲ, ಇಡೀ ದೇಹದ್ದು. ಆದರೆ ಅದು ಹುಟ್ಟುವುದು ಎಲ್ಲಿ?

ಉತ್ತರ ಅಕಸ್ಮಾತ್ತಾಗಿ ಸಿಕ್ಕಿತು. ಸ್ಟ್ರಾಸ್‌ಬರ್ಗ್‌ನಲ್ಲಿ 1889ರಲ್ಲಿ ಫಾನ್ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ಪೂರ್ತಿ ತೆಗೆದರು. ಅವರು ತಿಳಿಯಬಯಸಿದ್ದು ಕೊಬ್ಬಿನ ಜೀರ್ಣಕ್ರಿಯೆಯ ವಿಚಾರ. ನಾಯಿ ಮಾತ್ರ ಪದೇಪದೇ ಮೂತ್ರ ಮಾಡತೊಡಗಿತು. ಪರೀಕ್ಷಿಸಿದರೆ ಮೂತ್ರದ ತುಂಬ ಸಕ್ಕರೆ. ಇದಕ್ಕೂ ಇಪ್ಪತ್ತು ವರ್ಷ ಮೊದಲು ಬರ್ಲಿನ್ನಿನ ವೈದ್ಯವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಅದೇ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಸುತ್ತಲಿನ ಅಂಗಾಂಶಕ್ಕಿಂತ ಬೇರೆಯಾಗಿ ಕಾಣುವ ಕೋಶಗಳ ಗುಂಪುಗಳನ್ನು ಗುರುತಿಸಿದ್ದ. ಅವು ಏಕಿವೆಯೆಂದು ಅವನಿಗೆ ತಿಳಿದಿರಲಿಲ್ಲ. 1901ರಲ್ಲಿ ಅಮೆರಿಕದ ಯುಜೀನ್ ಓಪಿ, ಮಧುಮೇಹದಿಂದ ಸತ್ತವರಲ್ಲಿ ಈ ‘ದ್ವೀಪ’ಗಳೇ ಹಾಳಾಗಿದ್ದುದನ್ನು ಕಂಡ ಮೇಲೆ ಎರಡೂ ಎಳೆಗಳು ಕೂಡಿದವು. ದ್ವೀಪಗಳು ಏನನ್ನೋ ನೇರವಾಗಿ ರಕ್ತಕ್ಕೆ ಬಿಡುತ್ತವೆ, ಅದು ಇಲ್ಲವಾದರೆ ಮಧುಮೇಹ ಬರುತ್ತದೆ.

ಆ ‘ಏನನ್ನೋ’ ಹಿಡಿಯಲು ಯುರೋಪಿನಲ್ಲಿ ಹಲವರು ಕೈಹಾಕಿದರು. ಬರ್ಲಿನ್ನಿನ ಜ್ಯೂಲ್ಸರ್, ರುಮೇನಿಯದ ಪಾಲೆಸ್ಕು ಗುರಿಯ ಹತ್ತಿರಕ್ಕೇ ಹೋಗಿದ್ದರು. ಪಾಲೆಸ್ಕುವಿಗೆ ಸಲ್ಲಬೇಕಾದಷ್ಟು ಮನ್ನಣೆ ಸಲ್ಲಲಿಲ್ಲವೆಂಬುದು ನನ್ನ ಅಭಿಪ್ರಾಯ. ಗೆದ್ದದ್ದು ಟೊರಾಂಟೊ ತಂಡ: ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಯುವ ಶಸ್ತ್ರವೈದ್ಯ, ವಿದ್ಯಾರ್ಥಿ ಚಾರ್ಲ್ಸ್ ಬೆಸ್ಟ್, ಪ್ರಯೋಗಾಲಯ ಕೊಟ್ಟು ದಾರಿ ತೋರಿದ ಪ್ರಾಧ್ಯಾಪಕ ಮೆಕ್ಲೌಡ್, ರಸಾಯನಜ್ಞ ಜೇಮ್ಸ್ ಕಾಲಿಪ್. 1921ರ ಬೇಸಿಗೆಯಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಯಿತು. 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲೆನರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ಕೊಟ್ಟರು. ಫಲ ಅಷ್ಟಕ್ಕಷ್ಟೆ, ಜೊತೆಗೆ ಚುಚ್ಚಿದ ಜಾಗದಲ್ಲಿ ಕೀವು. ಕಾಲಿಪ್ ಹಗಲೂ ರಾತ್ರಿ ಕೂತು ಆ ಸಾರವನ್ನು ಶುದ್ಧಗೊಳಿಸಿದ. ಜನವರಿ 23ರಂದು ಮತ್ತೆ ಚುಚ್ಚಿದಾಗ ಮೂತ್ರದ ಸಕ್ಕರೆ ಹೆಚ್ಚುಕಡಿಮೆ ಮಾಯವಾಯಿತು, ಹುಡುಗ ಚೇತರಿಸಿಕೊಂಡ. ಮರುವರ್ಷವೇ ಬ್ಯಾಂಟಿಂಗ್ ಮತ್ತು ಮೆಕ್ಲೌಡ್‌ಗೆ ನೊಬೆಲ್ ಬಂತು. ಅವರು ಹಣವನ್ನು ಬೆಸ್ಟ್, ಕಾಲಿಪ್ ಜೊತೆ ಹಂಚಿಕೊಂಡರು. ಪೇಟೆಂಟನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು.

ಈ ಘಟನೆಯ ತೂಕ ಅರಿವಾಗಬೇಕಾದರೆ ಅದಕ್ಕೆ ಮುಂಚಿನ ಚಿಕಿತ್ಸೆ ಏನೆಂದು ತಿಳಿದಿರಬೇಕು. ಅಮೆರಿಕದ ಫ್ರೆಡರಿಕ್ ಆ್ಯಲೆನ್ ರೋಗಿಗಳನ್ನು ಉಪವಾಸಕ್ಕೆ ಹತ್ತಿರವಾದ ಪಥ್ಯದಲ್ಲಿ ಇಡುತ್ತಿದ್ದ. ಮಕ್ಕಳು ಎಲುಬಿನ ಗೂಡಾಗಿ ಕೆಲಕಾಲ ಹೆಚ್ಚು ಬದುಕುತ್ತಿದ್ದರು, ಅಷ್ಟೆ. ಸಿಹಿಯನ್ನಷ್ಟೇ ಅಲ್ಲ, ಊಟವನ್ನೇ ಬಿಟ್ಟರೂ ಈ ಮಧುಮೇಹ ವಾಸಿಯಾಗದು ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ಬೇಡ.

ಏಕೆ ವಾಸಿಯಾಗದು? ನಿರಾಹಾರದಲ್ಲಿರುವ ವಯಸ್ಕರ ಇಡೀ ರಕ್ತದಲ್ಲಿ ಇರುವುದು ಸುಮಾರು 5 ಗ್ರಾಂ ಗ್ಲೂಕೋಸ್, ಒಂದು ಟೀ ಚಮಚದಷ್ಟು. ಮಿದುಳು ಅದನ್ನು ಎಡೆಬಿಡದೆ ಉಪಯೋಗಿಸುತ್ತಿರುತ್ತದೆ. ಊಟವಿಲ್ಲದ ರಾತ್ರಿಯಲ್ಲಿ ಈ ಮಟ್ಟ ಕುಸಿಯದಂತೆ ಯಕೃತ್ತು ತನ್ನ ದಾಸ್ತಾನಿನಿಂದ ಗ್ಲೂಕೋಸ್ ಬಿಡುತ್ತದೆ, ಸಾಲದಿದ್ದರೆ ಹೊಸದಾಗಿ ತಯಾರಿಸುತ್ತದೆ. ಇದಕ್ಕೆ ಕಡಿವಾಣ ಹಾಕುವುದು ಇನ್ಸುಲಿನ್. ಅದು ಕಡಿಮೆಯಾದರೆ, ಅಥವಾ ಯಕೃತ್ತು ಅದಕ್ಕೆ ಕಿವಿಗೊಡದಿದ್ದರೆ, ಗ್ಲೂಕೋಸ್ ಬೇಡದಿದ್ದರೂ ಸುರಿಯುತ್ತಲೇ ಇರುತ್ತದೆ. ‘ರಾತ್ರಿ ಏನೂ ತಿಂದಿಲ್ಲ, ಬೆಳಿಗ್ಗೆ ಶುಗರ್ ಇಷ್ಟೊಂದು ಹೇಗೆ ಬಂತು?’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಇನ್ಸುಲಿನ್ ಕೆಲಸ ಸಕ್ಕರೆಗೆ ಸೀಮಿತವಲ್ಲ. ಕೊಬ್ಬು ಕರಗದಂತೆ, ಸ್ನಾಯುವಿನ ಪ್ರೋಟೀನ್ ಸವೆಯದಂತೆ ತಡೆಯುವುದೂ ಅದೇ. ಇನ್ಸುಲಿನ್ ಪೂರ್ತಿ ಇಲ್ಲವಾದಾಗ ಕೊಬ್ಬು ಮಿತಿಯಿಲ್ಲದೆ ಕರಗಿ ಯಕೃತ್ತಿಗೆ ಹರಿಯುತ್ತದೆ, ಅಲ್ಲಿ ಕೀಟೋನ್‌ಗಳಾಗಿ ಬದಲಾಗಿ ರಕ್ತವನ್ನು ಆಮ್ಲೀಯಗೊಳಿಸುತ್ತದೆ. ಹಿಂದೆ ಮಕ್ಕಳನ್ನು ಕೋಮಾಕ್ಕೆ ತಳ್ಳಿ ಕೊಲ್ಲುತ್ತಿದ್ದುದು ಮುಖ್ಯವಾಗಿ ಈ ಆಮ್ಲ ಮತ್ತು ನಿರ್ಜಲತೆ. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ದೇಹ ಹಸಿವಿನಲ್ಲಿದ್ದಂತೆ ತನ್ನನ್ನು ತಾನೇ ತಿನ್ನುತ್ತಿರುತ್ತದೆ.

ಔಷಧ ಕೈಗೆ ಬಂದ ಮೇಲೆ ರಸಾಯನಜ್ಞರ ಸರದಿ. ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್ 1955ರ ವೇಳೆಗೆ ಇನ್ಸುಲಿನ್‌ನ ಪೂರ್ತಿ ಜೋಡಣೆಯನ್ನು ಬಿಡಿಸಿದ. 21 ಮತ್ತು 30 ಅಮೈನೊ ಆಮ್ಲಗಳ ಎರಡು ಸರಪಳಿಗಳು, ಒಟ್ಟು 51. ಪ್ರೋಟೀನೊಂದರ ಅಮೈನೊ ಆಮ್ಲಗಳ ಸರಣಿ ಹೀಗೆ ತಿಳಿದದ್ದು ಅದೇ ಮೊದಲು. ಪ್ರೋಟೀನ್‌ಗೆ ಖಚಿತವಾದ ರಚನೆ ಇದೆಯೇ ಎಂಬ ಸಂಶಯ ಅಲ್ಲಿಗೆ ತೀರಿತು. ಅದರ ಮೂರು ಆಯಾಮದ ಆಕಾರವನ್ನು ಆಕ್ಸ್‌ಫರ್ಡ್‌ನ ಡೊರೊತಿ ಹಾಡ್ಜ್‌ಕಿನ್ ತಂಡ 1969ರಲ್ಲಿ ಪ್ರಕಟಿಸಿತು. ಹಾಡ್ಜ್‌ಕಿನ್ ಇನ್ಸುಲಿನ್ ಹರಳಿನ ಮೊದಲ ಎಕ್ಸ್‌-ರೇ ಚಿತ್ರ ತೆಗೆದದ್ದು 1930ರ ದಶಕದಲ್ಲಿ, ಅಲ್ಲಿಂದ ಇಲ್ಲಿಗೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಛಲ. ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ನಮ್ಮ ದೇಶದಲ್ಲಿ ಪ್ರೋಟೀನ್‌ಗಳ ಹರಳು ಅಧ್ಯಯನಕ್ಕೆ ಬುನಾದಿ ಹಾಕಿದರು. ಬೆಂಗಳೂರಿನವರು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಅದು.

ಆದರೆ ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ತಿರುವು ಬೇರೆ ಕಡೆ ಇದೆ. 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ರೋಗಿಗಳಿಗೆ ಗ್ಲೂಕೋಸ್ ಮತ್ತು ಇನ್ಸುಲಿನ್ ಒಟ್ಟಿಗೆ ಕೊಟ್ಟು ನೋಡಿದರು. ಕೆಲವರಲ್ಲಿ ಸಕ್ಕರೆ ಬೇಗ ಇಳಿಯಿತು, ಕೆಲವರಲ್ಲಿ ಇನ್ಸುಲಿನ್‌ಗೆ ಬಗ್ಗಲೇ ಇಲ್ಲ. ಹಾಗಾದರೆ ಎಲ್ಲ ಮಧುಮೇಹವೂ ಇನ್ಸುಲಿನ್ ಕೊರತೆಯಲ್ಲ. ಈ ಮಾತನ್ನು ಖಚಿತಪಡಿಸಲು ರಕ್ತದಲ್ಲಿನ ಇನ್ಸುಲಿನ್ ಅಳೆಯಬೇಕಿತ್ತು, ಅದೋ ಅತ್ಯಲ್ಪ ಪ್ರಮಾಣದ ವಸ್ತು. ನ್ಯೂಯಾರ್ಕಿನ ರೊಸಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ ವಿಕಿರಣಶೀಲ ಪರಮಾಣುಗಳ ನೆರವಿನಿಂದ ಅದನ್ನು ಅಳೆಯುವ ವಿಧಾನ ಕಂಡುಹಿಡಿದು 1960ರ ಸುಮಾರಿಗೆ ಲೆಕ್ಕ ಮುಂದಿಟ್ಟರು. ವಯಸ್ಸಾದ ಮೇಲೆ ಬರುವ ಮಧುಮೇಹದಲ್ಲಿ ಹಲವರ ರಕ್ತದಲ್ಲಿ ಇನ್ಸುಲಿನ್ ಇತ್ತು, ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು! ದೇಹ ಅದರ ಮಾತು ಕೇಳುತ್ತಿರಲಿಲ್ಲ. ಇಂದು ನಾವು ಟೈಪ್ 2 ಎನ್ನುವ, ಇನ್ಸುಲಿನ್ ಪ್ರತಿರೋಧದೊಂದಿಗೆ ಬೆಳೆಯುವ ಮಧುಮೇಹದ ಚಿತ್ರ ಅಲ್ಲಿಂದ ಸ್ಪಷ್ಟವಾಯಿತು. ಯಾಲೊಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಹೋಗಿದ್ದರು.

ಇನ್ನು ಇನ್ಸುಲಿನ್‌ನ ಮಾತು ಕೋಶಕ್ಕೆ ಕೇಳಿಸುವ ಬಗೆ. ಇನ್ಸುಲಿನ್ ಬಾಗಿಲು ತೆರೆಯುವ ಬೀಗದ ಕೈ ಎಂದು ಆಸ್ಪತ್ರೆಗಳಲ್ಲಿ ಹೇಳಿಕೊಡುತ್ತಾರೆ. ಮೊದಲ ಪಾಠಕ್ಕೆ ಅದು ಸಾಕು, ನಡೆಯುವುದು ಇನ್ನೂ ಸೊಗಸಾದ ಕೆಲಸ. ಕೋಶದ ಹೊರಮೈಯಲ್ಲಿ ಇನ್ಸುಲಿನ್ ಗ್ರಾಹಕಗಳಿವೆಯೆಂದು 1971ರ ಹೊತ್ತಿಗೆ ಗೊತ್ತಾಯಿತು. ಆ ಗ್ರಾಹಕವೇ ಒಂದು ಕಿಣ್ವ, ಇನ್ಸುಲಿನ್ ಬಂದು ಕೂತೊಡನೆ ಒಳಗಿನ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸಿ ಸುದ್ದಿ ದಾಟಿಸುತ್ತದೆ ಎಂಬುದು 1982ರಲ್ಲಿ ತಿಳಿಯಿತು. ಸ್ನಾಯು ಮತ್ತು ಕೊಬ್ಬಿನ ಕೋಶಗಳ ಒಳಗೆ ಗ್ಲೂಕೋಸ್ ಸಾಗಿಸುವ ಪ್ರೋಟೀನ್‌ಗಳು ಸಣ್ಣ ಚೀಲಗಳಲ್ಲಿ ಕಾದಿರುತ್ತವೆ. ಸುದ್ದಿ ತಲುಪಿದೊಡನೆ ಆ ಚೀಲಗಳು ಹೊರಪೊರೆಗೆ ಬಂದು ಬೆಸೆದುಕೊಳ್ಳುತ್ತವೆ, ಗ್ಲೂಕೋಸ್ ಒಳಗೆ ಬರುತ್ತದೆ. ಆ ಪ್ರೋಟೀನಿನ ಹೆಸರು ಗ್ಲೂಟ್-4. ನಡೆದಾಡುವಾಗ, ದುಡಿಯುವಾಗ ಸ್ನಾಯು ಸಂಕೋಚನದಿಂದಲೂ ಗ್ಲೂಟ್-4 ಮೇಲೆ ಬರುತ್ತದೆ, ಅದಕ್ಕೆ ಇನ್ಸುಲಿನ್ ಅಪ್ಪಣೆ ಬೇಡ. ಊಟವಾದ ಮೇಲೆ ನಡೆಯಿರಿ ಎಂಬ ಸಲಹೆಯ ಹಿಂದೆ ಈ ಗಟ್ಟಿ ಜೀವರಸಾಯನ ಇದೆ.

ದ್ವೀಪಗಳಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶದ ಕಡೆಯ ಸಂಶೋಧನೆಯೂ ಇಷ್ಟೇ ರೋಚಕ. ಗ್ಲೂಕೋಸ್ ಒಳಹೊಕ್ಕು ಉರಿದು ಶಕ್ತಿಯಾದಾಗ ಕೋಶದ ಪೊಟ್ಯಾಸಿಯಮ್ ದ್ವಾರಗಳು ಮುಚ್ಚಿಕೊಳ್ಳುತ್ತವೆ, ಆಗ ಕ್ಯಾಲ್ಸಿಯಂ ಒಳನುಗ್ಗಿ ಇನ್ಸುಲಿನ್ ಹೊರಚೆಲ್ಲುತ್ತದೆ. ಈ ಪೊಟ್ಯಾಸಿಯಮ್ ದ್ವಾರ ಪತ್ತೆಯಾದದ್ದು 1984ರಲ್ಲಿ. ಅದನ್ನೇ ಮುಚ್ಚುವ ಸಲ್ಫೊನಿಲ್‌ಯೂರಿಯ ಗುಂಪಿನ ಮಾತ್ರೆಗಳ ಗುಣವಾದರೋ 1942ರಲ್ಲೇ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಟೈಫಾಯಿಡ್ ರೋಗಿಗಳಿಗೆ ಕೊಟ್ಟ ಔಷಧವೊಂದು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಿದಾಗ ಕಣ್ಣಿಗೆ ಬಿದ್ದಿತ್ತು. ಇಲ್ಲೂ ಔಷಧವೇ ಮುಂದೆ. 2004ರಲ್ಲಿ ಮಾತ್ರ ಅರಿವು ಸಾಲ ತೀರಿಸಿತು: ಹುಟ್ಟಿದ ಕೆಲವೇ ತಿಂಗಳಲ್ಲಿ ಮಧುಮೇಹ ಬರುವ ಹಲವು ಕೂಸುಗಳಲ್ಲಿ ಈ ದ್ವಾರದ ಜೀನೇ ಕೆಟ್ಟಿದೆಯೆಂದು ತಿಳಿದು, ಅವರಲ್ಲಿ ಅನೇಕರು ಚುಚ್ಚುಮದ್ದು ಬಿಟ್ಟು ಇದೇ ಗುಂಪಿನ ಮಾತ್ರೆಗೆ ಬಂದರು.

ಇನ್ಸುಲಿನ್ನೇ ಇಲ್ಲವಾಗುವ ಟೈಪ್ 1 ಮಧುಮೇಹದ ಕಾರಣವೂ ನಿಧಾನವಾಗಿ ತಿಳಿಯಿತು. ಬೀಟಾ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಶತ್ರುವೆಂದು ತಿಳಿದು ನಾಶಮಾಡುತ್ತದೆ. 1974ರಲ್ಲಿ ಅದರ ಪ್ರತಿಕಾಯಗಳು ರಕ್ತದಲ್ಲಿ ಪತ್ತೆಯಾದವು. ಇದು ಮಗು ತಿಂದ ಚಾಕೊಲೇಟಿನಿಂದ ಬಂದದ್ದಲ್ಲ, ತಾಯಿಯ ಅಲಕ್ಷ್ಯದಿಂದಲೂ ಅಲ್ಲ.

ನಮ್ಮ ನಾಡಿನದೇ ಒಂದು ಅಧ್ಯಾಯ ಮೈಸೂರಿನಲ್ಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ತಂಡ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಮಧುಮೇಹ ಹೆಚ್ಚೆಂದು ಹೇಳಿತ್ತು. ಅದೇ ಬಳಗದ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ದಾಖಲೆ ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸು ತಲುಪಿದ್ದವರನ್ನು ಹುಡುಕಿ ಪರೀಕ್ಷಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶ ಇಂಗ್ಲೆಂಡಿನಂತೆ ಇರಲಿಲ್ಲ. ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಇದ್ದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಿತ್ತು. ಗರ್ಭಿಣಿಯ ರಕ್ತದ ಸಕ್ಕರೆಯತ್ತ ಗಮನ ಹರಿಸಲು ಇದೊಂದು ಬಲವಾದ ಕಾರಣವಾಯಿತು. ಇತ್ತ ಪುಣೆಯಲ್ಲಿ ಸಿ.ಎಸ್. ಯಾಜ್ಞಿಕ್, ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3.5 ಕಿಲೊ ಎಂದು ಲೆಕ್ಕ ಕೊಟ್ಟರು. ಅಷ್ಟು ಸಣ್ಣ ಕೂಸಿನಲ್ಲೂ ಸ್ನಾಯು ಕಡಿಮೆಯಾಗಿತ್ತೇ ಹೊರತು ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ‘ನಾನು ತೆಳ್ಳಗಿದ್ದೇನೆ, ನನಗೇಕೆ ಶುಗರ್’ ಎನ್ನುವವರು ಇದನ್ನು ತಿಳಿಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ.

ತಯಾರಿಕೆಯ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ಆರು ದಶಕ ಇನ್ಸುಲಿನ್ ಬಂದದ್ದು ಕಸಾಯಿಖಾನೆಯ ದನ, ಹಂದಿಗಳ ಗ್ರಂಥಿಯಿಂದ. 1978ರಲ್ಲಿ ಬ್ಯಾಕ್ಟೀರಿಯಾದೊಳಗೆ ಮಾನವ ಇನ್ಸುಲಿನ್ ಜೀನ್ ಇಟ್ಟು ತಯಾರಿಸಲು ಸಾಧ್ಯವಾಯಿತು, 1982ರಲ್ಲಿ ಅದು ಔಷಧವಾಗಿ ಮಾರುಕಟ್ಟೆಗೆ ಬಂತು. ಬೆಂಗಳೂರಿನ ಬಯೊಕಾನ್ 2004ರಲ್ಲಿ ಯೀಸ್ಟ್‌ನಿಂದ ಮಾನವ ಇನ್ಸುಲಿನ್ ಮಾಡಿತು. 2021ರಲ್ಲಿ ಅದರ ಗ್ಲಾರ್ಜಿನ್ ಇನ್ಸುಲಿನ್‌ಗೆ, ಮೂಲ ಔಷಧದ ಬದಲಿಗೆ ಅಂಗಡಿಯಲ್ಲೇ ಕೊಡಬಹುದಾದದ್ದೆಂದು ಅಮೆರಿಕದ ಒಪ್ಪಿಗೆಯೂ ಸಿಕ್ಕಿತು.

ಕೊನೆಯದಾಗಿ, ಭಯದ ಬಗ್ಗೆ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನ ಯುಕೆಪಿಡಿಎಸ್, ಟೈಪ್ 2 ರೋಗಿಗಳನ್ನು ಹಲವು ವರ್ಷ ಹಿಂಬಾಲಿಸಿತು. ಯಾವ ಚಿಕಿತ್ಸೆ ಕೊಟ್ಟರೂ ಬೀಟಾ ಕೋಶಗಳ ಶಕ್ತಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು, ಔಷಧ ಹೆಚ್ಚಿಸಬೇಕಾಗುತ್ತಿತ್ತು. ಅಂದರೆ ಒಂದು ಹಂತದಲ್ಲಿ ಇನ್ಸುಲಿನ್ ಬೇಕಾಗುವುದು ಕಾಯಿಲೆಯ ಸಹಜ ನಡಿಗೆ, ರೋಗಿಯ ಸೋಲಲ್ಲ. ಇನ್ಸುಲಿನ್‌ನಿಂದ ಕಣ್ಣು ಹೋಗುವುದಿಲ್ಲ. ಅದನ್ನು ಮುಂದೂಡುತ್ತ ಸಕ್ಕರೆಯನ್ನು ಹೆಚ್ಚಾಗೇ ಬಿಟ್ಟುಕೊಂಡರೆ ಹೋಗುತ್ತದೆ. ವೈದ್ಯರು ಬೇಕೆಂದಾಗ ಹಿಂಜರಿಯಬೇಡಿ. ನಮ್ಮಲ್ಲಿ ಸಿಗುವ ಬಾಟಲಿಗಳು ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನುಗಳು 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ, ಅದಲುಬದಲಾಗದಂತೆ ನೋಡಿಕೊಳ್ಳಿ. ಫ್ರಿಜ್ಜಿನ ಫ್ರೀಜರ್‌ನಲ್ಲಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಮನೆಯಲ್ಲಿ ಟೈಪ್ 1 ಇರುವ ಮಗುವಿದ್ದರೆ, ಜ್ವರ ಬಂದು ಊಟ ಬಿಟ್ಟಿದ್ದರೂ, ಯಾರು ಯಾವ ಕಷಾಯ ಸೂಚಿಸಿದರೂ, ವೈದ್ಯರನ್ನು ಕೇಳದೆ ಅದರ ಇನ್ಸುಲಿನ್ ಅನ್ನು ಒಂದು ಹೊತ್ತೂ ನಿಲ್ಲಿಸಬೇಡಿ.